ಮುಂದಿನ ಬಲಹೆಗಲು

ಅವರ ಬಲಹೆಗಲು ಎಡಹೆಗಲಿಗಿಂತ ಕೆಳಗೆ ಜಗ್ಗಿತ್ತು. ಸಂತೆಗೆ ಹೋಗುವಾಗಲೂ, ಮದುವೆ ಊಟಕ್ಕೆ ಕುಳಿತಾಗಲೂ, ಬರಿಗೈಯಲ್ಲಿ ಓಣಿಯಲ್ಲಿ ಅಡ್ಡಾಡುವಾಗಲೂ ಅದು ಹಾಗೇ ಇರುತ್ತಿತ್ತು. ಮದುವೆಯಾಗಿ ಕಮಲಾಪುರದಿಂದ ಕಲಬುರಗಿಯ ಆ ಓಣಿಗೆ ಬಂದ ಹೊಸದರಲ್ಲಿ ನಾನು ಅದನ್ನು ಹುಟ್ಟಿನಿಂದ ಬಂದ ಊನ ಎಂದೇ ತಿಳಿದಿದ್ದೆ. "ಪಾಪ, ಕಾಕಾನ ಹೆಗಲಿಗಿ ಏನಾಗ್ಯಾದ್ರಿ?" ಎಂದು ಅತ್ತೆಯನ್ನು ಕೇಳಿದರೆ ಅವರು ಬಾಯಿಗೆ ಸೆರಗು ಹಚ್ಚಿಕೊಂಡು ನಕ್ಕರು.

"ಏನೂ ಆಗಿಲ್ಲವ್ವಾ. ಓಣ್ಯಾಗಿನ ಹೆಣಾ ಎಲ್ಲಾ ಅದರ ಮ್ಯಾಲೇ ಹೋಗ್ಯಾವ. ಬೇಕಾದ್ರ ಅವರನ್ನೇ ಕೇಳು, ಹೇಳ್ತಾರ."

ಕೇಳುವ ಅಗತ್ಯವೇ ಬೀಳಲಿಲ್ಲ. ಕೇಳದೆಯೇ ಹೇಳುವ ಮನುಷ್ಯ ಅವರು. ನಮಗೆ ಬಳಗವಲ್ಲ, ಬೀಗರಲ್ಲ, ಎದುರು ಮನೆಯವರು. ಇಡೀ ಓಣಿಗೇ ಅವರು ಕಾಕಾ, ಅವರ ಹೆಂಡತಿ ಕಾಕು. ಧಾನ್ಯದ ಪೇಟೆಯಾದ ಗಂಜಿನ ಬದಿಗೆ ಅವರದೊಂದು ಹಗ್ಗ, ಬಿದಿರು, ಚಾಪೆ ಮಾರುವ ಅಂಗಡಿಯಿತ್ತು. ಮೊಗಲಾಯಿ ಕಾಲ ಅದು, ನಿಜಾಮರ ಆಳ್ವಿಕೆ. ಕಚೇರಿಯ ಮಾತೆಲ್ಲ ಉರ್ದು, ಪೇಟೆಯ ಮಾತು ಅರ್ಧ ಉರ್ದು. ಕಾಕಾನ ಬಾಯಲ್ಲಿ ಭಾರ ಎಂಬ ಮಾತು ಬಂದದ್ದನ್ನು ನಾನು ಕೇಳಿಲ್ಲ, ಯಾವಾಗಲೂ ವಜನ್ ಎಂದೇ ಬರುತ್ತಿತ್ತು.

ನಮ್ಮವರಲ್ಲಿ ಸತ್ತವರನ್ನು ಮಲಗಿಸಿ ಒಯ್ಯುವುದಿಲ್ಲ. ಮೈ ತೊಳೆದು, ವಿಭೂತಿ ಹಚ್ಚಿ, ಬಿದಿರಿನ ವಿಮಾನ, ಕಾಕಾನ ಬಾಯಲ್ಲಿ ಇಮಾನ, ಕಟ್ಟಿ ಅದರಲ್ಲಿ ಕೂಡಿಸುತ್ತಾರೆ. ನಾಲ್ವರು ನಾಲ್ಕು ಕಡೆ ಅದರ ಉದ್ದನೆಯ ಗಳಕ್ಕೆ ಹೆಗಲು ಕೊಟ್ಟು ನಡೆಯುತ್ತಾರೆ. ಯಾರ ಮನೆಯಲ್ಲಿ ಸಾವಾದರೂ ಮೊದಲ ಸುದ್ದಿ ಕಾಕಾನ ಅಂಗಡಿಗೆ. ಅವರು ಅಂಗಡಿಯ ಹಲಗೆ ಮುಚ್ಚಿ, ಬಿದಿರು ಎತ್ತಿಕೊಂಡು, ಹಗ್ಗದ ಸುರುಳಿಯನ್ನು ತೋಳಿಗೆ ಹಾಕಿಕೊಂಡು ಬಂದುಬಿಡುತ್ತಿದ್ದರು. ವಿಮಾನ ಕಟ್ಟುವಾಗ ಯಾರನ್ನೂ ಹತ್ತಿರ ಬಿಟ್ಟುಕೊಳ್ಳುತ್ತಿರಲಿಲ್ಲ. ಕಂಬಳಿಯ ತುಂಡೊಂದನ್ನು ಮಡಚಿ ಬಲಹೆಗಲ ಮೇಲೆ ಇಟ್ಟುಕೊಂಡರೆಂದರೆ ಮುಂದಿನ ಬಲಗಡೆಯ ಜಾಗ ಅವರದು. ಆ ಜಾಗಕ್ಕೆ ಇನ್ನೊಬ್ಬ ನಿಂತದ್ದೇ ಇಲ್ಲ.

ಎತ್ತುವ ಮುಂಚೆ ಅವರು ಸತ್ತವರ ಕಿವಿಯ ಹತ್ತಿರ ಬಗ್ಗಿ ಮಾತಾಡುತ್ತಿದ್ದರು. ಅದನ್ನು ಮೊದಲ ಸಲ ನೋಡಿದಾಗ ನನ್ನ ಮೈ ಜುಂ ಎಂದಿತ್ತು. ಮಂತ್ರವೂ ಅಲ್ಲ, ಪ್ರಾರ್ಥನೆಯೂ ಅಲ್ಲ. ಪಕ್ಕದ ಮನೆಯವರನ್ನು ಗಾಡಿ ಹತ್ತಿಸುವಾಗ ಆಡುವಂಥ ಮಾತು.

"ಅಂಜಬ್ಯಾಡ್ರಿ. ಮುಂದಿನ ಬಲಕ್ಕ ನಾ ಇದ್ದೀನಿ. ಪೂರಾ ವಜನ್ ನನ್ನ ಮ್ಯಾಲ."

ಮಣ್ಣು ಕೊಟ್ಟು ಬಂದಮೇಲೆ ಬಾವಿಯ ಹತ್ತಿರ ಕಾಲು ತೊಳೆಯುವಾಗ ಅವರ ಪುರಾಣ ಸುರುವಾಗುತ್ತಿತ್ತು. ಉಳಿದ ಮೂವರು ಬರೀ ಹೆಗಲು ಮುಟ್ಟಿಸಿದ್ದರಂತೆ. ಓಣಿಯ ತಿರುವಿನಲ್ಲಿ ಅವರೊಬ್ಬರೇ ತಡೆದು ಹಿಡಿದಿದ್ದರಂತೆ. ಅಂಗಿ ಜಾರಿಸಿ ಹೆಗಲ ಮೇಲಿನ ಕಪ್ಪು ಜಡ್ಡು ತೋರಿಸುತ್ತಿದ್ದರು. ಗಂಜಿನಲ್ಲಿ ಹಮಾಲಿ ಮಾಡುವ ಗುರಪ್ಪ, ಅಂದರೆ ದಿನವಿಡೀ ಜೋಳದ ಚೀಲ ಹೊರುವವನು, ಅದನ್ನು ಕೇಳಿ ಕೇಳಿ ಉರಿದುಹೋಗುತ್ತಿದ್ದ. "ವಜನ್ ಹಿಂದಿನವರಿಗಿ ಬೀಳ್ತದ ಕಾಕಾ. ಮುಂದಿನವರು ಬರೇ ದಾರಿ ತೋರಸ್ತಾರ" ಎನ್ನುತ್ತಿದ್ದ. ನನ್ನ ಗಂಡ ಮನೆಗೆ ಬಂದು, ಇಬ್ಬರದೂ ಸುಳ್ಳು, ಎಡಗಡೆಯ ಮುಂದಿನವನೇ ನಿಜವಾಗಿ ಹೊರುವವನು ಎಂದು ನನ್ನ ಮುಂದೆ ಪಿಸುಗುಡುತ್ತಿದ್ದರು. ಆ ಎಡ ಜಾಗ ಯಾವಾಗಲೂ ನನ್ನ ಗಂಡನದೇ.

ಕಾಕಾನ ಈ ಚಟ ಹೆಣಕ್ಕಷ್ಟೇ ಇರಲಿಲ್ಲ. ಓಣಿಯವರೆಲ್ಲ ಸೇರಿ ಬಾವಿಯ ಹೂಳು ತೆಗೆದರೆ ನೀರು ಬಂದದ್ದು ಅವರು ಎತ್ತಿದ ಬುಟ್ಟಿಗೇ ಅಂತೆ. ಕಾಕು ಮಹಾ ಚಾಷ್ಟಿ ಹೆಂಗಸು, ಯಾರನ್ನೂ ಗೇಲಿ ಮಾಡದೆ ಬಿಡುವವಳಲ್ಲ. "ನಮ್ಮ ಹೆಣ್ಣಮಕ್ಕಳನ್ನ ಹಡದಾಕಿ ನಾ. ಬ್ಯಾನಿ ತಿಂದವರು ಇವರಂತ! ಕೇಳ್ರಿ ಬೇಕಾದ್ರ" ಎಂದು ಎಲ್ಲರ ಮುಂದೆಯೇ ಅಂದುಬಿಡುತ್ತಿದ್ದಳು. ಕಾಕಾ ನಗುತ್ತಿದ್ದರೇ ಹೊರತು ಇಲ್ಲ ಎನ್ನುತ್ತಿರಲಿಲ್ಲ.

ನಾವು ಹೆಂಗಸರೇನು ಕಡಿಮೆ? ಗುರಪ್ಪನ ತಂಗಿಯ ಮದುವೆಗೆ ನಮ್ಮ ಪಡಸಾಲೆಯಲ್ಲೇ ರೊಟ್ಟಿ ಬಡಿದೆವು. ಮುಗಿದಮೇಲೆ ಅರ್ಧದಷ್ಟು ರೊಟ್ಟಿ ತನ್ನವೇ ಎಂದಳು ಕಾಕು. ಅರ್ಧಕ್ಕೂ ಹೆಚ್ಚು ತನ್ನವು, ಬೇಕಾದರೆ ಅಂಗೈ ನೋಡಿ ಎಂದಳು ಗುರಪ್ಪನ ಹೆಂಡತಿ. ನಾನು ಬಾಯಿ ಬಿಟ್ಟು ಹೇಳಲಿಲ್ಲ, ಆದರೆ ಮುಕ್ಕಾಲು ಪಾಲು ನನ್ನವೆಂಬುದರಲ್ಲಿ ನನಗೆ ಅನುಮಾನವೇ ಇರಲಿಲ್ಲ. ಗೋಡೆಗೆ ಒರಗಿ ಕೂತಿದ್ದ ಅತ್ತೆ ಎಲ್ಲ ಕೇಳಿ, "ಹಂಗಾದ್ರ ಇನ್ನೊಂದು ಬುಟ್ಟಿ ರೊಟ್ಟಿ ಎಲ್ಲಿ ಹೋದವವ್ವಾ? ಬೆಕ್ಕು ಒಯ್ತೇನು?" ಎಂದರು. ನಾವು ಹೊಟ್ಟೆ ಹಿಡಿದುಕೊಂಡು ನಕ್ಕೆವು.

ಕಾಕಾನ ಜಂಬಕ್ಕೆ ಬೇರು ಎಲ್ಲಿತ್ತೆಂದು ನನಗೆ ತಿಳಿದದ್ದು ಒಂದು ಮಧ್ಯಾಹ್ನ, ಕಾಕುವಿನ ಜೊತೆ ತೊಗರಿಬೇಳೆ ಹಸನು ಮಾಡುತ್ತ ಕೂತಾಗ. ಆವತ್ತೂ ನಾನು ಅವರನ್ನು ಆಡಿಕೊಂಡಿದ್ದೆ. ಕಾಕು ನಗಲಿಲ್ಲ.

"ನೀ ಬರೋಕ್ಕಿಂತ ಮುಂಚಿನ ಮಾತು ಇದು. ಪ್ಲೇಗು ಬಂದ ವರ್ಷ ಊರು ಊರೇ ಖಾಲಿ ಆಗಿತ್ತು. ನಾವೂ ತಾಜಸುಲ್ತಾನಪುರದ ಕಡಿ ಬಯಲಾಗ ಗುಡಸಲಾ ಹಾಕ್ಕೊಂಡಿದ್ದೆವು. ನಮ್ಮ ಮೊದಲನೇ ಕೂಸು, ಗಂಡು, ಅಲ್ಲೇ ಹೋದ. ಹೆಗಲ ಕೊಡ್ರಿ ಅಂತ ಇವರು ಒಂದೊಂದು ಗುಡಸಲಕ್ಕೂ ಹೋಗಿ ಕೇಳಿದ್ರು. ಯಾರೂ ಬರಲಿಲ್ಲ. ಅವರದೂ ತಪ್ಪಲ್ಲ, ಜೀಂವ ಎಲ್ಲರಿಗೂ ಬೇಕು. ಕಡೀಕ ಇವರು ಹುಡುಗನ್ನ ಹೆಗಲ ಮ್ಯಾಲ ಕೂಡಿಸ್ಕೊಂಡ್ರು, ಸಂತಿಗಿ ಕರಕೊಂಡು ಹೋದಂಗ. ಬೀಳಬಾರದಂತ ಹಗ್ಗಾ ಸುತ್ತಿಕೊಂಡ್ರು. ನಾ ಹಿಂದಿಂದ ಹೋದೆ. ಹುಡುಗನ ತಲಿ ಅತ್ತಿತ್ತ ಆಡತಿತ್ತು. ಎಲ್ಲಾರಿಗೂ ಹೋಗಿ ಬರ್ತೀನಿ ಅಂತ ಹೇಳಿದಂಗ ಕಾಣ್ತಿತ್ತು ನೋಡು."

ಬೇಳೆಯೊಳಗಿನ ಹರಳನ್ನು ಆರಿಸಿ ಎಸೆದು ಅವಳು ಮತ್ತೊಂದು ಮಾತು ಸೇರಿಸಿದಳು. "ಅವತ್ತು ಜಗ್ಗಿದ ಹೆಗಲ ಅದು. ಅಂವ ಇನ್ನೂ ಇಳದಿಲ್ಲ."

ಅದಾದಮೇಲೆ ನಾನು ಕಾಕಾನನ್ನು ಆಡಿಕೊಳ್ಳುವುದು ಬಿಟ್ಟೆ. ಅವರು ಓಣಿಯಲ್ಲಿ ಹೋಗುತ್ತಿದ್ದರೆ ಆ ಹೆಗಲ ಮೇಲಿನ ಬರಿ ಜಾಗವನ್ನು ನೋಡಲು ನನಗೆ ಹೆದರಿಕೆಯಾಗುತ್ತಿತ್ತು.

ಮುಂದೆ ಅತ್ತೆ ತೀರಿಕೊಂಡರು. ಕಮಲಾಪುರದಲ್ಲಿ ನಮ್ಮ ಮಾವನವರ ಕೆಂಪುಬಾಳೆಯ ತೋಟವಿತ್ತು. ಮಾವ ಅಲ್ಲೇ ಮಣ್ಣಾಗಿದ್ದರು, ತಮ್ಮನ್ನೂ ಅವರ ಪಕ್ಕಕ್ಕೆ ಹಾಕಬೇಕೆಂದು ಅತ್ತೆ ಹೇಳಿಟ್ಟಿದ್ದರು. ಬೆಳಗಾಗುತ್ತಲೇ ಸವಾರಿಗಾಡಿ ಕಟ್ಟಿ ಹೊರಟೆವು. ಅತ್ತೆಯನ್ನು ಕೂಡಿಸಿ, ಬೀಳದಂತೆ ನಾನು ಬೆನ್ನಿಗೆ ಆತು ಕೂತಿದ್ದೆ. ಕಪನೂರ ದಾಟುವತನಕ ಗಾಡಿ ಕುಲುಕಿದಾಗಲೆಲ್ಲ ಅವರ ತಲೆ ಹೌದು ಹೌದು ಎಂಬಂತೆ ಆಡುತ್ತಿತ್ತು. ಎದುರಿಗೆ ಕೂತ ಕಾಕಾ ಅದಕ್ಕೆ ತಕ್ಕಂತೆ ಮಾತಾಡುತ್ತಲೇ ಇದ್ದರು. "ಅಕ್ಕಾ, ಈ ಸಲ ಮಳಿ ಛಲೋ ಆಗ್ಯಾದ ನೋಡ್ರಿ. ನಿಮ್ಮ ಬಾಳಿ ಗೊನಿ ಹಾಕ್ಯಾವಂತ. ಚಿಂತಿ ಮಾಡಬ್ಯಾಡ್ರಿ, ಬಲಕ್ಕ ನಾ ಇದ್ದೀನಿ." ನನಗೆ ಅಳು ಬರುತ್ತಿತ್ತೋ ಹೆದರಿಕೆ ಬರುತ್ತಿತ್ತೋ ಹೇಳಲಾರೆ. ಅತ್ತೆಯ ಬೆನ್ನು ಸೀರೆಯ ಮೇಲಿಂದಲೂ ತಣ್ಣಗಿತ್ತು.

ಕಮಲಾಪುರದ ನನ್ನ ತವರುಮನೆಯ ಅಂಗಳದಲ್ಲೇ ವಿಮಾನ ಕಟ್ಟಿದರು. ಅತ್ತೆಯದೇ ತೋಟದ ಬಾಳೆಗಿಡಗಳನ್ನು ತಂದು ನಾಲ್ಕು ಮೂಲೆಗೆ ನಿಲ್ಲಿಸಿದರು. ಕಾಕಾ ಮುಂದಿನ ಬಲಕ್ಕೆ, ನನ್ನ ಗಂಡ ಮುಂದಿನ ಎಡಕ್ಕೆ, ಹಿಂದೆ ನಮ್ಮ ಜೊತೆಗೇ ಬಂದಿದ್ದ ಗುರಪ್ಪ ಮತ್ತು ನನ್ನ ಅಣ್ಣ. ತೋಟಕ್ಕೆ ಗಾಡಿದಾರಿ ಇರಲಿಲ್ಲ, ನಡುವೆ ಹಳ್ಳವೊಂದನ್ನು ದಾಟಬೇಕು. ಊರೊಳಗೆ ನಡೆಯುವಷ್ಟು ಹೊತ್ತೂ ಕಾಕಾನ ಬಾಯಿ ನಿಲ್ಲಲಿಲ್ಲ. "ಎತ್ತರೋ, ಎತ್ತರಿ! ಹಿಂದಿನವರು ನಿದ್ದಿ ಮಾಡಾಕತ್ತೀರೇನು? ಪೂರಾ ನನಗೇ ಬರಾಕತ್ತದ!" ಸಾಲದ್ದಕ್ಕೆ ವಿಮಾನ ಅತ್ತಿತ್ತ ತೊನೆಯುತ್ತಿತ್ತು, ಬಾಳೆಯೆಲೆಗಳು ಪಟಪಟ ಬಡಿಯುತ್ತಿದ್ದವು. ನಾನು ಹೆಂಗಸರ ಜೊತೆ ಹಿಂದೆ ಬರುತ್ತಿದ್ದೆ.

ಹಳ್ಳಕ್ಕೆ ಇಳಿದ ಕೂಡಲೇ ಕಾಕಾನ ಮಾತು ನಿಂತಿತು. ನಾನು ಕತ್ತೆತ್ತಿ ನೋಡಿದೆ. ಮೊಳಕಾಲುದ್ದ ನೀರು, ಕೆಳಗೆ ಜಾರುವ ಕೆಂಪು ರಾಡಿ. ನಾವು ಹೆಂಗಸರು ಒಬ್ಬರ ಕೈ ಒಬ್ಬರು ಹಿಡಿದರೂ ತೂರಾಡುತ್ತಿದ್ದೆವು. ಮುಂದೆ ವಿಮಾನ ಮಾತ್ರ ಒಂಚೂರೂ ಅಲುಗದೆ ಹೋಗುತ್ತಿತ್ತು. ಒಂದು ಎಲೆ ಸಹ ಆಡಲಿಲ್ಲ. ನೆಟ್ಟಗೆ ಕೂತ ಅತ್ತೆಯ ತಲೆ ಆಡಲಿಲ್ಲ. ಎಷ್ಟು ಹುಷಾರಾಗಿ ಒಯ್ಯಾಕತ್ತಾರಪ್ಪ ಎಂದು ನನಗೆ ಸಮಾಧಾನವೇ ಆಯಿತು. ಆಚೆ ದಂಡೆ ಹತ್ತಿದಮೇಲೆ ಅದು ಮತ್ತೆ ತೊನೆಯತೊಡಗಿತು.

ಮೂರನೆಯ ದಿನ ತವರುಮನೆಯ ಅಂಗಳದಲ್ಲಿ ಗಂಡಸರು ಕೂತಿದ್ದರು. ಕಾಕಾ ಬೆಳಿಗ್ಗೆಯೇ ತೋಟಕ್ಕೆ, ಅತ್ತೆಯ ಗದ್ದುಗೆಯ ಹತ್ತಿರ ಹೋಗಿದ್ದರು. ನಾನು ಮಜ್ಜಿಗೆ ಕೊಡುತ್ತಿದ್ದೆ. ಅಣ್ಣ ಸುಮ್ಮನೆ ಕೂಡುವ ಜಾತಿಯವನಲ್ಲ, ನಗುತ್ತ ಬಾಯಿ ತೆಗೆದ.

"ಒಂದು ಮಾತು ಹೇಳ್ತೀನಿ, ಕಾಕಾಗ ಮಾತ್ರ ಹೇಳಬ್ಯಾಡ್ರಿ. ದಾರಿತುಂಬ ಅವರ ಬಾಯಿ ಕೇಳಿ ನನ್ನ ತಲಿ ಕೆಟ್ಟಿತ್ತು. ಹಳ್ಳಕ್ಕ ಇಳದ ಕೂಡ್ಲೆ ಹೆಗಲ ಸರಿಸಿಬಿಟ್ಟೆ. ಕೈ ಅಷ್ಟೇ ಹಚ್ಚಿದ್ದೆ. ಪೂರಾ ವಜನ್ ಅಂದ್ರ ಏನಂತ ಗೊತ್ತಾಗಲಿ ಅಂತ."

ಗುರಪ್ಪ ನಗಲಿಲ್ಲ. "ಹಳ್ಳದಾಗ?"

"ಹೂಂ."

"ಈಚಿ ದಂಡಿಯಿಂದ ಆಚಿ ದಂಡಿ ತನಕ?"

"ಹೂಂ. ಯಾಕ?"

"ನನ್ನ ಕಾಲಾಗ ಮುಳ್ಳು ಮುರದಿತ್ತು. ಹೆಜ್ಜಿ ಊರಾಕ ಆಗವಲ್ದು. ಬಾಜೂಕ ನೀ ಇದ್ದೀಯಲ್ಲ ಅಂತ ನಾನೂ ಬಿಟ್ಟಿದ್ದೆ."

ಅಣ್ಣನ ನಗು ಹಾಗೇ ನಿಂತಿತು. ಹಿಂದಿನವರಿಬ್ಬರೂ ಬಿಟ್ಟರೆ ವಿಮಾನ ಹಿಂದಕ್ಕೆ ಮಗುಚಬೇಕು. ನನ್ನ ಗಂಡ ತಂಬಿಗೆಯನ್ನು ನೆಲಕ್ಕಿಟ್ಟರು.

"ನಾನೂ ಹೊತ್ತಿಲ್ಲ" ಎಂದರು. "ನೀರಾಗ ಕಾಲಿಟ್ಟ ಕೂಡ್ಲೆ ಅವ್ವ ನನ್ನ ಬಗಲಾಗ ಎತಗೊಂಡು ಇದೇ ಹಳ್ಳ ದಾಟಿಸ್ತಿದ್ದದ್ದು ನೆನಪಾಯ್ತು. ಮೈಯಾಗ ಶಕ್ತಿನೇ ಉಳಿಲಿಲ್ಲ. ಬರೇ ಗಳ ಹಿಡದು ಅಳಕೋಂತ ನಡದೆ. ಕಾಕಾ ಇದ್ದಾರಲ್ಲ, ನೀವು ಇದ್ದೀರಲ್ಲ ಅಂತ."

ಅಣ್ಣ ಎದ್ದು ನಿಂತ. "ಹಂಗಾದ್ರ ಅವರು ಹೇಳೋದು ಖರೇ ಅಪ್ಪಾ. ಅವರೊಬ್ಬರೇ ಹೊತ್ತಾರ. ನಾವು ಸುಮ್ಮನ ಆಡಿಕೊಂಡು ನಕ್ಕಿವಲ್ಲ!" ಹೋಗಿ ಕಾಲಿಗೆ ಬೀಳೋಣ ಎಂದು ಮೂವರೂ ಹೊರಟರು. ಎಡೆಯ ಬುಟ್ಟಿ ಹೊತ್ತು ನಾನೂ ಹಿಂದೆ ಹೋದೆ.

ಕಾಕಾ ಬಾಳೆಗಿಡಗಳ ನಡುವೆ ಹಸಿಮಣ್ಣಿನ ಗದ್ದುಗೆಯ ಪಕ್ಕ ಕೂತಿದ್ದರು. ಮುಖದಲ್ಲಿ ನಾನು ಎಂದೂ ನೋಡದಂಥ ಸಮಾಧಾನ. ಹೆಗಲು ಕೂಡ ಸ್ವಲ್ಪ ನೆಟ್ಟಗಾದಂತೆ ಕಂಡಿತು. ಅಣ್ಣ ಅವರ ಕಾಲು ಮುಟ್ಟಿ ನಡೆದದ್ದನ್ನೆಲ್ಲ ಹೇಳಿದ. ಮೊದಲು ಕಾಕಾ ತಮ್ಮ ಹಳೆಯ ರೂಢಿಯಂತೆ ನಕ್ಕರು. ಕೇಳುತ್ತ ಕೇಳುತ್ತ ಆ ನಗು ಬತ್ತಿಹೋಯಿತು.

"ಮೂರೂ ಮಂದಿ ಬಿಟ್ಟಿದ್ದಿರಿ?"

"ಹೌದ್ರಿ ಕಾಕಾ. ನೀವೊಬ್ಬರೇ ಹೊತ್ತೀರಿ."

"ಚಾಷ್ಟಿ ಮಾಡಬ್ಯಾಡ್ರಿ ಮಕ್ಕಳ್ರಾ."

"ಅವ್ವನ ಆಣಿಗೂ ಖರೇರಿ" ಎಂದರು ನನ್ನ ಗಂಡ, ಗದ್ದುಗೆಯ ಮಣ್ಣು ಮುಟ್ಟಿ.

ಕಾಕಾ ತಮ್ಮ ಬಲಹೆಗಲನ್ನು ಎಡಗೈಯಿಂದ ಹಿಡಿದುಕೊಂಡರು. "ಹಳ್ಳಕ್ಕ ಇಳಿಯೋ ಮುಂದ ನನ್ನ ಹೆಗಲ ಸತ್ತಂಗಾಯ್ತು. ಬಿಟ್ಟೆ. ಇಷ್ಟು ವರ್ಷದಾಗ ಮೊದಲ ಸಲ ಬಿಟ್ಟೆ. ಬಿಟ್ಟರೂ ಇಮಾನ ಇಳಿಲಿಲ್ಲ. ಹುಡುಗರು ಹೊರಾಕತ್ತಾರ, ಇನ್ನ ನನಗ ಚಿಂತಿ ಇಲ್ಲ ಅಂತ ಎಷ್ಟು ಖುಷಿ ಆಯ್ತು ಗೊತ್ತೇನು? ಹಳ್ಳ ದಾಟೂತನಕ ನಾ ನಕ್ಕೋಂತ ಬಂದೀನಿ."

ನಾನು ತಲೆಯ ಮೇಲಿನ ಬುಟ್ಟಿಯನ್ನು ಇಳಿಸಿದೆ. ತೋಟದಲ್ಲಿ ಗಾಳಿ ಇರಲಿಲ್ಲ. ನಾವು ಎಡೆ ಹಿಡಿದು, ಯಾರ ಮುಖ ಯಾರೂ ನೋಡದೆ ಎದ್ದು ಬಂದೆವು.

ಬರುವಾಗ ನನ್ನ ಗಂಡ, ಅಣ್ಣ ಇಬ್ಬರೂ ಹಳ್ಳದ ಹತ್ತಿರ ಹಿಂದೆ ಉಳಿದರು. ನೀರು ಇಳಿದಿತ್ತು, ದಂಡೆಯ ರಾಡಿ ಗಟ್ಟಿಯಾಗಿ ಅವತ್ತಿನ ಹೆಜ್ಜೆಗಳು ಹಾಗೇ ಉಳಿದಿದ್ದವು. ಮನೆಗೆ ಬಂದಮೇಲೆ ನಾನು ಬಿಡದೆ ಕೇಳಿದೆ. "ಬರಿಗೈಲೆ ಹೋದವರ ಹೆಜ್ಜಿ ಇದ್ದಂಗ ಅವ" ಎಂದರು ನನ್ನ ಗಂಡ. "ಒಬ್ಬರದೂ ಹಿಮ್ಮಡ ಊರಿಲ್ಲ."

"ನಾಲ್ಕೂ ಮಂದಿ ನಡುವ?"

"ನಡುವ ನಾವು ನೋಡಲಿಲ್ಲ."

"ಅಲ್ರಿ, ಅಷ್ಟು ಹೋಗಿ ನಡುವ ಯಾಕ ನೋಡಲಿಲ್ಲ?"

"ನೋಡಲಿಲ್ಲ ಅಂದೆನಲ್ಲ."

ಅವರು ನನ್ನ ಮೇಲೆ ದನಿ ಎತ್ತಿದ್ದು ಅಪರೂಪ.

ಕಲಬುರಗಿಗೆ ಬಂದಮೇಲೆ ಕಾಕಾ ಬೇರೆಯೇ ಮನುಷ್ಯರಾದರು. ಹೆಣಕ್ಕೆ ಬರುತ್ತಿದ್ದರು, ಕಟ್ಟುತ್ತಿದ್ದರು, ಹೆಗಲೂ ಕೊಡುತ್ತಿದ್ದರು. ಆದರೆ ಕಿವಿಯಲ್ಲಿ ಮಾತಾಡುವುದು ನಿಂತಿತು. ನಡೆಯುವಾಗ ಸತ್ತವರ ಕಡೆಗೂ ಅಲ್ಲ, ದಾರಿಯ ಕಡೆಗೂ ಅಲ್ಲ, ಗಳಗಳ ನಡುವಿನ ಬರಿ ಜಾಗದ ಕಡೆಗೆ ತಿರುತಿರುಗಿ ನೋಡುತ್ತಿದ್ದರು. ಯಾರಾದರೂ ಅಲ್ಲಿ ನುಗ್ಗಿದರೆ "ಸರೀರಿ, ಜಾಗಾ ಬಿಡ್ರಿ" ಎನ್ನುತ್ತಿದ್ದರು. ಬಾವಿಯ ಹತ್ತಿರ ಹೊತ್ತು ಬಂದವರಿಗೆ ಕಾಲು ತೊಳೆಯಲು ನಾಲ್ಕು ತಂಬಿಗೆ ಇಡುವುದು ರೂಢಿ. ಕಾಕಾ ಇನ್ನೊಂದು ತಂಬಿಗೆ ನೀರು ತುಂಬಿ ಸ್ವಲ್ಪ ದೂರ ಇಡತೊಡಗಿದರು. ಪುರಾಣ ಹೇಳುವವರು ಬಾಯಿ ಮುಚ್ಚಿದಮೇಲೆ ಬಾವಿಯ ಕಟ್ಟೆ ಬಣಬಣ ಎನ್ನುತ್ತಿತ್ತು. ಆ ತಂಬಿಗೆಯನ್ನು ತೆಗೆದಿಡಲು ಹೋದಾಗ ಒಂದೆರಡು ಸಲ ಅದು ಖಾಲಿ ಇತ್ತು. ನಾಯಿ ಕುಡಿದಿರಬೇಕು. ನಾನು ಹಾಗೆಂದೇ ಹೇಳಿಕೊಂಡೆ.

ಕಾಕುವಿಗೆ ಇದೆಲ್ಲ ಕೇಳಿ ಸಿಟ್ಟು ಬಂತು. ಒಂದು ದಿನ ನಮ್ಮೆಲ್ಲರನ್ನೂ ಅವರ ಕಟ್ಟೆಯ ಮೇಲೆ ಕೂಡಿಸಿ ಜಾಡಿಸಿದಳು.

"ನಾಲ್ಕೂ ಮಂದಿ ಹುಚ್ಚರಾಗೀರೇನು? ಎಲ್ಲರೂ ಸ್ವಲ್ಪ ಸ್ವಲ್ಪ ಹೊತ್ತೀರಿ. ಬಿಟ್ಟೀವಿ ಅಂತ ತಿಳ್ಕೊಂಡೀರಿ, ಅಷ್ಟೇ. ರೊಟ್ಟಿ ಬಡಿಯೋ ಮುಂದ ನಾವು ಒಂದು ಬುಟ್ಟಿ ಹೆಚ್ಚು ಹೇಳಿದಂಗ ನೀವು ಕಡಿಮಿ ಹೇಳಾಕತ್ತೀರಿ. ಅದರಾಗ ದೆವ್ವ ಎಲ್ಲಿಂದ ಬಂತು?"

ನನಗೆ ಎದೆಯ ಮೇಲಿನ ಕಲ್ಲು ಇಳಿದಂತಾಯಿತು. ಗುರಪ್ಪನೂ ಹೌದ್ರಿ ಹೌದು ಎಂದ. ಕಾಕಾ ಮಾತ್ರ ಹೆಂಡತಿಯ ಕಡೆ ನೋಡಿದರು.

"ಹಂಗಾದ್ರ ಹೊತ್ತದ್ದೂ ಗೊತ್ತಾಗೂದಿಲ್ಲ, ಬಿಟ್ಟದ್ದೂ ಗೊತ್ತಾಗೂದಿಲ್ಲ ಅಂದಂಗಾಯ್ತು. ಅವತ್ತು ಬಯಲಾಗ ನಮ್ಮ ಹುಡುಗನ್ನ ನಾನೇ ಹೊತ್ತಿದ್ದೆ ಅಂತ ಹೆಂಗ ಹೇಳ್ಲಿ?"

"ಹಿಂದ ನಾ ಇದ್ದೆನಲ್ಲ! ಕಣ್ಣಾರೆ ನೋಡೀನಿ."

"ಈ ಮಗಳೂ ಹಿಂದಿದ್ದಳು" ಎಂದು ಅವರು ನನ್ನ ಕಡೆ ಕೈ ಮಾಡಿದರು. "ಹಳ್ಳದಾಗ ನಾಲ್ಕು ಮಂದಿ ಹೊತ್ತದ್ದು ಈಕಿನೂ ಕಣ್ಣಾರೆ ನೋಡ್ಯಾಳ."

ಕಾಕು ಸೆರಗಿನಿಂದ ಮುಖ ಮುಚ್ಚಿಕೊಂಡು ಒಳಗೆ ಹೋದಳು. ಆ ಮನುಷ್ಯನ ಹತ್ತಿರ ಇದ್ದದ್ದು ಅದೊಂದೇ. ಊರೆಲ್ಲ ಹಿಂದೆ ಸರಿದಾಗ ಮಗನನ್ನು ತಾನು ಹೊತ್ತೆ ಎಂಬುದು. ಉಳಿದ ಜಂಬವೆಲ್ಲ ಅದರ ಮೇಲೆ ಹಬ್ಬಿದ ಬಳ್ಳಿ. ಈಗ ಅದೇ ಅಲುಗಿತ್ತು. ನನಗೆ ಅವರ ಮೇಲೆ ಎಷ್ಟು ಕನಿಕರ ಬಂತೆಂದರೆ, ಹಳೆಯ ಬಡಾಯಿ ಕಾಕಾ ತಿರುಗಿ ಬಂದರೆ ಸಾಕಪ್ಪ ಎಂದು ಶರಣಬಸವೇಶ್ವರನಿಗೆ ಕಾಯಿ ಒಡೆಸುವ ಹರಕೆ ಹೊತ್ತೆ.

ಬರಲಿಲ್ಲ. ಹಾಸಿಗೆ ಹಿಡಿದರು. ಒಂದು ಇಳಿಹೊತ್ತು ಗಂಜಿ ಕೊಡಲು ಹೋದಾಗ ನನ್ನ ಕೈ ಹಿಡಿದುಕೊಂಡರು.

"ಮಗಳ, ನನ್ನ ಇಮಾನ ಹಗುರ ಆಗಬಾರದು. ಅದು ಯಾರೋ ಏನೋ, ಅದು ನನ್ನ ಹೊರಬಾರದು. ಮನುಷ್ಯಾರು ಹೊರಬೇಕು. ಒಬ್ಬರಿಗಾದ್ರೂ ಖರೇನ ವಜನ್ ಗೊತ್ತಾಗಬೇಕು. ಗೊತ್ತಾದ್ರ, ಮಣ್ಣಿಗಿ ಇಳಸೋ ಮುಂಚೆ ನನ್ನ ಕಿವ್ಯಾಗ ಹೇಳಬೇಕು. ವಜನ್ ಇತ್ರಿ ಕಾಕಾ ಅಂತ. ಇಷ್ಟು ಮಾಡಿಸ್ತೀ ಏನು?"

ಮಾಡಿಸುತ್ತೇನೆ ಎಂದೆ. ನಾನು ಹೆಂಗಸು, ಗಂಡಸರ ಹೆಗಲ ಮೇಲಿನ ಕೆಲಸಕ್ಕೆ ಹೇಗೆ ಮಾತು ಕೊಟ್ಟೆನೋ ಗೊತ್ತಿಲ್ಲ. ಅವರ ಕೈ ಗಳದಷ್ಟು ಒರಟಾಗಿತ್ತು.

ಅವರು ಹೋದ ದಿನ ವಿಮಾನ ಕಟ್ಟಲು ಓಣಿಯವರಿಗೆ ಸರಿಯಾಗಿ ಬರಲಿಲ್ಲ, ಗಂಟುಗಳು ಸಡಿಲವಾಗಿದ್ದವು. ಕಮಲಾಪುರದಿಂದ ಅಣ್ಣ ಬಂದಿದ್ದ. ನನ್ನ ಗಂಡ ಮುಂದಿನ ಎಡಕ್ಕೆ, ಹಿಂದೆ ಗುರಪ್ಪ ಮತ್ತು ಅಣ್ಣ, ಮೂವರೂ ತಮ್ಮ ತಮ್ಮ ಜಾಗದಲ್ಲಿ ನಿಂತರು. ಮುಂದಿನ ಬಲ ಖಾಲಿ. ಅಷ್ಟು ಗಂಡಸರಲ್ಲಿ ಒಬ್ಬರೂ ಮುಂದೆ ಬರಲಿಲ್ಲ. ಹಳ್ಳದ ಕಥೆ ಅಷ್ಟರಲ್ಲಿ ಗಂಜಿನ ತನಕ ಹೋಗಿತ್ತು. ಸಂಸ್ಕಾರ ಮಾಡಿಸಲು ಬಂದ ಅಯ್ಯನವರು ಹೊತ್ತಾಯಿತೆಂದು ಅವಸರ ಮಾಡುತ್ತಿದ್ದರು. ಕಾಕಾ ತಲೆ ಸ್ವಲ್ಪ ವಾಲಿಸಿ, ಆ ಖಾಲಿ ಜಾಗವನ್ನೇ ನೋಡುವಂತೆ ಕೂತಿದ್ದರು.

ನಾನು ಸೆರಗು ಸೊಂಟಕ್ಕೆ ಸಿಗಿಸಿದೆ. ಗೂಟದ ಮೇಲಿದ್ದ ಅವರ ಕಂಬಳಿ ತುಂಡು ತೆಗೆದು ಬಲಹೆಗಲಿಗೆ ಹಾಕಿಕೊಂಡು ಹೋಗಿ ನಿಂತೆ.

"ಹೆಣ್ಣಮಗಳು ಹೆಗಲ ಕೊಡೂದಾ?" ಎಂದು ಯಾರೋ ಅಂದರು.

"ಕೊಡಲಿ ಬಿಡ್ರಿ" ಎಂದಳು ಕಾಕು ಒಳಗಿನಿಂದ. "ಅವರು ಆಕಿಗೇ ಹೇಳ್ಯಾರ."

ಎತ್ತಿದೆವು. ಎತ್ತಿದ ಕೂಡಲೇ ನನ್ನ ಗಂಡನ ಮುಖ ಕಪ್ಪಿಟ್ಟಿತು. ಪಕ್ಕದಲ್ಲೇ ಇದ್ದ ನನಗೆ ಅವರ ಉಸಿರು ಕೇಳಿಸುತ್ತಿತ್ತು. "ಹಗುರ ಅದ" ಎಂದರು ಹಲ್ಲು ಕಚ್ಚಿ. ಹಿಂದಿನಿಂದ ಗುರಪ್ಪ, "ನನಗೂ ಏನೂ ಬರವಲ್ದು. ಯಾರೂ ಬಿಡಬ್ಯಾಡ್ರಪ್ಪಾ, ನಿಮ್ಮ ಕಾಲಿಗಿ ಬೀಳ್ತೀನಿ" ಎಂದ. ಅಣ್ಣ ಬಾಯಿಯಲ್ಲೇ ಶಿವ ಶಿವ ಎನ್ನುತ್ತಿದ್ದ. ಗಳಗಳ ನಡುವೆ ನೋಡಬಾರದೆಂದು ನಾನು ಕಣ್ಣು ಕಿರಿದು ಮಾಡಿ ದಾರಿಯನ್ನೇ ನೋಡಿದೆ.

ಓಣಿಯ ತಿರುವಿನಲ್ಲಿ ಅದು ಬಂತು. ಯಾರೋ ಹಗುರಾಗಿ ಕೈಯಿಂದ ಕೈಗೆ ದಾಟಿಸಿದ ಹಾಗೆ ನನ್ನ ಹೆಗಲ ಮೇಲೆ ಇಳಿಯಿತು. ಅಯ್ಯೋ, ಏನು ಭಾರ! ಮೊಳಕಾಲು ಮಡಚಿದವು, ಕಣ್ಣಿಗೆ ಕತ್ತಲೆ ಬಂತು. ಬಾಯಿಬಿಟ್ಟರೆ ಬಿಟ್ಟುಬಿಡುತ್ತೇನೆಂಬ ಹೆದರಿಕೆಗೆ ತುಟಿ ಕಚ್ಚಿ ನಡೆದೆ. ಒಬ್ಬ ಮನುಷ್ಯನ ಭಾರವಾಗಿರಲಿಲ್ಲ ಅದು. ಅವರ ಹೆಗಲ ಮೇಲಿನಿಂದ ಇಳಿಯದೆ ಕೂತಿದ್ದ ಹುಡುಗನೂ ಸೇರಿರಬೇಕು ಎಂದು ನಡುದಾರಿಯಲ್ಲಿ ಅನ್ನಿಸಿ ನಾನು ಅಳತೊಡಗಿದೆ. ಆದರೂ ಬಿಡಲಿಲ್ಲ.

ಕುಣಿಯ ಹತ್ತಿರ ಇಳಿಸಿದಾಗ ಮೂವರು ಗಂಡಸರೂ ಬೆವರಿಲ್ಲದೆ, ರಕ್ತವಿಲ್ಲದ ಮುಖ ಮಾಡಿಕೊಂಡು ನಿಂತಿದ್ದರು. ನಾನು ಬಗ್ಗಿ, ತಣ್ಣಗಿನ ಆ ಕಿವಿಯ ಹತ್ತಿರ ಬಾಯಿಟ್ಟು ಹೇಳಿದೆ.

"ಇತ್ರಿ ಕಾಕಾ. ಪೂರಾ ವಜನ್ ನನ್ನ ಮ್ಯಾಲೇ ಇತ್ತು."

ಕುಣಿಗೆ ಇಳಿಸುವಾಗ ಅವರ ತಲೆ ಒಮ್ಮೆ ಹೌದೆಂಬಂತೆ ಆಡಿತು. ಹಗ್ಗ ಎಳೆದದ್ದಕ್ಕೆ ಇರಬೇಕು.

ವರ್ಷ ಕಳೆಯುವುದರೊಳಗೆ ಆ ಮೂವರ ಮಾತು ತಿರುಗಿತು. ಹಗುರ ಎಂದು ನಡುಗಿದ್ದನ್ನು ಅವರು ಮರೆತೇಬಿಟ್ಟರು. ಗುರಪ್ಪ ಗಂಜಿನಲ್ಲಿ ಕಾಕಾನನ್ನು ಹೊತ್ತವನು ತಾನು ಎನ್ನುತ್ತಿದ್ದ, ಅಣ್ಣ ಕಮಲಾಪುರದಲ್ಲಿ ತಾನು ಎನ್ನುತ್ತಿದ್ದ. ಮೂವರ ಮಾತು ಕೂಡಿಸಿದರೆ ಅವತ್ತು ಮೂವರು ಕಾಕಾ ಸತ್ತಿರಬೇಕು. ನನ್ನ ಗಂಡನಂತೂ ಕಡೆತನಕ ನನ್ನನ್ನು ಕಾಡಿಸಿದರು. "ನೀ ಗಿಡ್ಡಾಕಿ. ನಾವು ಮೂರೂ ಮಂದಿ ಉದ್ದ. ಗಳ ನಿನ್ನ ಹೆಗಲಿಗಿ ಮುಟ್ಟಿದ್ದೇ ಇಲ್ಲ, ಸುಮ್ಮನ ಕೈ ಹಚ್ಚಿಕೊಂಡು ಬಂದೀ."

ನಾನು ಗಿಡ್ಡಕ್ಕಿರುವುದು ನಿಜ. ಗಳ ಎತ್ತರದಲ್ಲಿತ್ತೆಂದು ನೋಡಿದವರೂ ಹೇಳುತ್ತಾರೆ. ಈಗ ನನ್ನ ಮೊಮ್ಮಗಳು ಬೆನ್ನು ತಿಕ್ಕುವಾಗ, "ಅಮ್ಮಾ, ನಿನ್ನ ಬಲಹೆಗಲ ಯಾಕ ಜಗ್ಗ್ಯಾದ?" ಎಂದು ಕೇಳುತ್ತಾಳೆ. ಯಾರು ಏನಾದರೂ ಅಂದುಕೊಳ್ಳಲಿ, ಅವಳಿಗೆ ನಾನು ಒಂದೇ ಮಾತು ಹೇಳುತ್ತೇನೆ. ಅವತ್ತು ಹೊತ್ತವಳು ನಾನು, ಉಳಿದವರು ಬರೀ ಹೆಗಲು ಮುಟ್ಟಿಸಿದ್ದರು.